ರ‍್ಯಾಂಪ್ ಯಾರು ಕಟ್ಟಬೇಕು, ಯಾವತ್ತಿನೊಳಗೆ, ಯಾವ ದುಡ್ಡಲ್ಲಿ?

ನೇರವಾಗಿ ಹೇಳಿಬಿಡುತ್ತೇನೆ. ಅಂಗವಿಕಲರಿಗಾಗಿ ಇನ್ನೊಂದು ರಾಷ್ಟ್ರೀಯ ನೀತಿ ಬರೆಯುವುದಾದರೆ ಅದರಲ್ಲಿ ದೊಡ್ಡ ದೊಡ್ಡ ಪದಗಳು ಕಮ್ಮಿ ಇರಲಿ. ಕೆಲಸ ಯಾರು ಮಾಡಬೇಕು, ಯಾವತ್ತಿನೊಳಗೆ ಮುಗಿಸಬೇಕು, ದುಡ್ಡು ಎಲ್ಲಿಂದ ಬರುತ್ತದೆ, ಮುಗಿಸದಿದ್ದರೆ ಯಾರನ್ನು ಹಿಡಿದು ಕೇಳಬೇಕು ಅನ್ನೋದು ಇರಲಿ. ನಮಗೆ ಏನೇನು ಹಕ್ಕಿದೆ ಅಂತ ಹೊಸದಾಗಿ ಹೇಳಬೇಕಾಗಿಲ್ಲ. ಅದು ಕಾಯ್ದೆಯಲ್ಲೇ ಇದೆ.

ನಮ್ಮಲ್ಲಿ 2006ರಲ್ಲೇ ಒಂದು ರಾಷ್ಟ್ರೀಯ ನೀತಿ ಬಂತು. ಮರುವರ್ಷ ಭಾರತ ಅಂಗವಿಕಲರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ ಒಪ್ಪಂದವನ್ನು ಒಪ್ಪಿಕೊಂಡಿತು. 2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಬಂತು. 21 ಬಗೆಯ ಅಂಗವೈಕಲ್ಯ, ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲು, ಉನ್ನತ ಶಿಕ್ಷಣದಲ್ಲಿ ಶೇ. 5, ಎಲ್ಲ ಇದೆ. ಕಾಯ್ದೆಯ ಕೆಳಗಿನ ನಿಯಮ ಬಂದ ಐದು ವರ್ಷದೊಳಗೆ ಈಗಿರುವ ಸಾರ್ವಜನಿಕ ಕಟ್ಟಡಗಳೆಲ್ಲ ನಮಗೂ ಓಡಾಡುವ ಹಾಗೆ ಆಗಬೇಕು ಅಂತಲೂ ಇದೆ. ನಿಯಮ ಬಂದಿದ್ದು 2017ರ ಜೂನ್‌ನಲ್ಲಿ. ಲೆಕ್ಕ ಹಾಕಿ, 2022ರ ಜೂನ್‌ಗೆ ಗಡುವು ಮುಗಿಯಿತು. ತಮಾಷೆ ಏನಂದರೆ ಹೊಸ ನೀತಿಯ ಕರಡು ಹೊರಗೆ ಬಂದಿದ್ದೂ ಅದೇ ತಿಂಗಳು! ಹಳೇ ಸಾಲದ ವಾಯಿದೆ ಮುಗಿದ ದಿನ ಹೊಸ ಪತ್ರ ಬರೆದುಕೊಟ್ಟ ಹಾಗಾಯ್ತು.

ನಾನು ಪೋಲಿಯೋ ಆದವನು. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಹಾಕಿಕೊಂಡು ಓಡಾಡುತ್ತೇನೆ. ನಾನು ಆಗಾಗ ಹೋಗುವ ಸರ್ಕಾರಿ ಕಚೇರಿಯೊಂದಕ್ಕೆ ಮೂರು ಮೆಟ್ಟಿಲು. ಪಕ್ಕದಲ್ಲಿ ರ‍್ಯಾಂಪೂ ಇದೆ. ಒಂದು ಅಡಿ ಮೇಲೇರಬೇಕಾದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಅನ್ನೋದು ಲೆಕ್ಕ. ಮೂರು ಮೆಟ್ಟಿಲು ಅಂದರೆ ಹೆಚ್ಚುಕಮ್ಮಿ ಒಂದೂವರೆ ಅಡಿ. ಹದಿನೆಂಟು ಅಡಿ ಬೇಕಾಗಿತ್ತು. ಕಟ್ಟಿರುವುದು ಆರೇಳು ಅಡಿ ಇರಬಹುದು. ಮೇಲೆ ನುಣ್ಣನೆಯ ಟೈಲ್ಸ್ ಬೇರೆ. ಮಳೆ ಬಂದ ದಿನ ನನ್ನ ಬೂಟು ಜಾರುತ್ತದೆ. ಗಾಲಿಕುರ್ಚಿಯವರನ್ನು ಇಬ್ಬರು ಹಿಂದಿನಿಂದ ತಳ್ಳಬೇಕು. ಕೆಳಗಡೆ ಯಾವಾಗಲೂ ಎರಡು ಬೈಕು ನಿಂತಿರುತ್ತವೆ. ಆದರೆ ಕಾಗದದಲ್ಲಿ 'ರ‍್ಯಾಂಪ್ ಇದೆ', ಬಿಲ್ಲೂ ಪಾಸಾಗಿರುತ್ತದೆ. ನಾನಂತೂ ಮೆಟ್ಟಿಲನ್ನೇ ಹತ್ತುತ್ತೇನೆ. ಅದೇ ವಾಸಿ.

ಇದು ಬರೀ ನನ್ನ ಗೊಣಗಾಟ ಅಲ್ಲ. ದೃಷ್ಟಿದೋಷ ಇರುವ ರಾಜೀವ್ ರತೂರಿ ಅವರು ಇದೇ ವಿಷಯಕ್ಕೆ 2005ರಲ್ಲೇ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. 2024ರ ನವೆಂಬರ್ 8ರಂದು ಕೋರ್ಟ್ ಹೇಳಿದ್ದೇನು ಗೊತ್ತಾ? ಕಾಯ್ದೆ 'ಮಾಡಲೇಬೇಕು' ಅನ್ನುತ್ತದೆ, ಅದರ ಕೆಳಗಿನ 15ನೇ ನಿಯಮ ಮಾತ್ರ ಬರೀ ಮಾರ್ಗಸೂಚಿಗಳನ್ನು ತೋರಿಸಿ ಸುಮ್ಮನಾಗುತ್ತದೆ, ಹಾಗಾಗಿ ಈ ನಿಯಮ ನಿಲ್ಲುವುದಿಲ್ಲ ಅಂತ. ಮೂರು ತಿಂಗಳಲ್ಲಿ ಕಡ್ಡಾಯವಾದ ನಿಯಮ ಮಾಡಿ ಎಂದೂ ಹೇಳಿತು. ಹತ್ತೊಂಬತ್ತು ವರ್ಷ ಓಡಾಡಿದ ಮೇಲೆ ಸಿಕ್ಕಿದ ಮಾತು ಇದು. ನೀತಿ ಬರೆಯುವವರು ಬೇರೇನೂ ಓದದಿದ್ದರೂ ಪರವಾಗಿಲ್ಲ, ಈ ತೀರ್ಪು ಓದಲಿ.

ಬಸ್ಸಿನ ಕಥೆಯೂ ಹಾಗೇ. ಕರ್ನಾಟಕದಲ್ಲಿ ನಮಗೆ ರಿಯಾಯಿತಿ ಪಾಸ್ ಇದೆ, ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಒಳ್ಳೆಯ ಯೋಜನೆ, ಇಲ್ಲ ಅನ್ನಲ್ಲ. ಆದರೆ ಹಳ್ಳಿ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲಿನ ಎತ್ತರಕ್ಕಿದೆಯಲ್ಲ, ಪಾಸ್ ಇಟ್ಟುಕೊಂಡು ಏನು ಮಾಡೋದು? ಕಂಡಕ್ಟರ್ ಅಣ್ಣ ಒಳ್ಳೆಯವರಾದರೆ ಕೈ ಕೊಟ್ಟು ಎಳೆದುಕೊಳ್ಳುತ್ತಾರೆ. ಪಾಸಿನ ರಿಯಾಯಿತಿ ಅಂಗವಿಕಲರ ಇಲಾಖೆಯ ಲೆಕ್ಕ, ಬಸ್ ಕೊಳ್ಳುವುದು ಸಾರಿಗೆಯ ಲೆಕ್ಕ. ಟೆಂಡರ್ ಬರೆಯುವವರ ಮುಂದೆ ನಮ್ಮ ವಿಷಯ ಬರುವುದೇ ಇಲ್ಲ. ರಾಷ್ಟ್ರೀಯ ನೀತಿ ಅಂತ ಒಂದು ಬೇಕಾಗಿರುವುದು ಇದಕ್ಕೇ. ರಸ್ತೆ, ರೈಲು, ಶಾಲೆ, ಬ್ಯಾಂಕು ಯಾರ ಕೈಲಿದೆಯೋ ಅವರ ಬಜೆಟ್ಟಿನಲ್ಲೇ ನಾವೂ ಇರಬೇಕು. ಎಲ್ಲವನ್ನೂ ಒಂದು ಸಣ್ಣ ಇಲಾಖೆಯ ತಲೆಗೆ ಕಟ್ಟಿದರೆ ಆಗಲ್ಲ.

ಇನ್ನು ಲೆಕ್ಕ. 2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರು, ಅಂದರೆ ಶೇ. 2.21. ಜಗತ್ತಿನ ಜನರಲ್ಲಿ ಶೇ. 16ರಷ್ಟು ಮಂದಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಳೆಯುವ ರೀತಿ ಬೇರೆ ಬೇರೆ, ಒಪ್ಪೋಣ. ಹಾಗಂತ ಇಷ್ಟೊಂದು ಅಂತರವಾ? ಗಣತಿಯವರು ಬಾಗಿಲಲ್ಲಿ ನಿಂತು 'ಮನೇಲಿ ಅಂಗವಿಕಲರು ಇದ್ದಾರಾ?' ಅಂತ ಕೇಳಿದರೆ, ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಯಾರು ಹೌದು ಅನ್ನುತ್ತಾರೆ? ಕಿವಿ ಕೇಳದ ಅಜ್ಜಿಯನ್ನು 'ವಯಸ್ಸಾಯ್ತಲ್ಲ, ಅದಕ್ಕೆ' ಅಂತ ಬಿಟ್ಟುಬಿಡುತ್ತಾರೆ. 1991ರ ಗಣತಿಯಲ್ಲಂತೂ ಈ ಪ್ರಶ್ನೆಯೇ ಇರಲಿಲ್ಲ. ಅಂಗವಿಕಲರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಅವರಂಥವರು ಹೋರಾಡಿದ ಮೇಲೆ 2001ಕ್ಕೆ ಮತ್ತೆ ಸೇರಿತು. ಕಾಯ್ದೆಯಲ್ಲಿ 21 ಬಗೆ ಇದೆ, ಹಿಂದಿನ ಗಣತಿ ಕೇಳಿದ್ದು 8 ಬಗೆ. ತಪ್ಪು ಲೆಕ್ಕದ ಮೇಲೆ ದುಡ್ಡು ಹಂಚಿದರೆ ಎಷ್ಟು ಸಿಗುತ್ತದೆ ಹೇಳಿ.

ದುಡ್ಡು ಅಂದೆನಲ್ಲ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಯಲ್ಲಿ ದೆಹಲಿಯ ಪಾಲು ತಿಂಗಳಿಗೆ 300 ರೂಪಾಯಿ. 2012ರಲ್ಲಿ ನಿಗದಿಯಾದದ್ದು. ಅದೂ ಶೇ. 80ರಷ್ಟು ಅಂಗವೈಕಲ್ಯ ಇದ್ದು, ಬಡತನ ರೇಖೆಗಿಂತ ಕೆಳಗಿದ್ದರೆ ಮಾತ್ರ. ಇದರ ಬಗ್ಗೆ ಜಾಸ್ತಿ ಬರೆಯಲ್ಲ.

ನಮ್ಮನ್ನು ಕೇಳಿಯೇ ಬರೆಯಬೇಕು ಅನ್ನೋದು ಹಠವಲ್ಲ. ಬ್ರಿಟನ್ ಸರ್ಕಾರ 2021ರಲ್ಲಿ ಇಂಥದ್ದೇ ಒಂದು ರಾಷ್ಟ್ರೀಯ ಕಾರ್ಯತಂತ್ರ ಹೊರತಂದಿತು. ಅಂಗವಿಕಲರು ಕೋರ್ಟಿಗೆ ಹೋದರು. ಸಮೀಕ್ಷೆ ಮಾಡಿದ ರೀತಿ ಸರಿಯಿಲ್ಲ, ಜನ ನಿಜವಾಗಿ ಅಭಿಪ್ರಾಯ ಹೇಳಲು ಅವಕಾಶವೇ ಇರಲಿಲ್ಲ ಅಂತ 2022ರ ಜನವರಿಯಲ್ಲಿ ಹೈಕೋರ್ಟ್ ಅದನ್ನು ಕಾನೂನುಬಾಹಿರ ಎಂದಿತು. ಮರುವರ್ಷ ಮೇಲ್ಮನವಿಯಲ್ಲಿ ಸರ್ಕಾರ ಗೆದ್ದಿತು, ನಿಜ. ಅಷ್ಟರಲ್ಲಿ ಒಂದೂವರೆ ವರ್ಷ ಹೋಯಿತು.

ನಮ್ಮಲ್ಲಿ ಕೇಳಲು ಬೇಕಾದ ಜನ ಆಗಲೇ ಇದ್ದಾರೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನಕ್ಕೆ ದುಡಿಯುವ ವಿಆರ್‌ಡಬ್ಲ್ಯುಗಳು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂಗವಿಕಲರೇ. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಎಲ್ಲಿ ಸಿಕ್ಕಿಕೊಂಡಿದೆ, ಅವರಿಗೆ ಬಾಯಿಪಾಠ. ತಮಿಳುನಾಡು 2025ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು, ಸ್ಥಳೀಯ ಸಂಸ್ಥೆಗಳಿಗೆ ಅಂಗವಿಕಲರನ್ನು ಸದಸ್ಯರಾಗಿ ನಾಮನಿರ್ದೇಶನ ಮಾಡಲು ಕಾನೂನು ತಿದ್ದಿತು. ನಾವೂ ಮಾಡಬಹುದು, ದೆಹಲಿಯನ್ನು ಕಾಯಬೇಕಾಗಿಲ್ಲ.

ಅಲ್ಲಿಯವರೆಗೆ ಒಂದು ಕೆಲಸ. ಪಂಚಾಯಿತಿಗಳು ತಮ್ಮ ವರಮಾನದಲ್ಲಿ ಶೇ. 5ನ್ನು ಅಂಗವಿಕಲರಿಗೆ ತೆಗೆದಿಡಬೇಕು. ನಿಮ್ಮೂರಲ್ಲಿ ಕಳೆದ ವರ್ಷ ಅದು ಯಾವುದಕ್ಕೆ ಖರ್ಚಾಯ್ತು ಅಂತ ಗೊತ್ತಿದ್ದರೆ ಕೆಳಗೆ ಬರೆಯಿರಿ. ಗೊತ್ತಿಲ್ಲದಿದ್ದರೆ ಪಿಡಿಒ ಅವರನ್ನು ಕೇಳಿ. ಕೇಳುವುದಕ್ಕೆ ಅಂಗವಿಕಲರೇ ಆಗಿರಬೇಕು ಅಂತೇನಿಲ್ಲ, ಅಲ್ವಾ?