ಕ್ಯಾಚ್ ಬಿಟ್ಟವನಿಗೂ ಒಂದು ಕಾಲಂ

ನಮ್ಮ ಅಪ್ಪಯ್ಯ ಸಾಗರದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಟೆಸ್ಟ್ ಮ್ಯಾಚ್ ಇದ್ದ ದಿನ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಟ್ರಾನ್ಸಿಸ್ಟರ್ ಕೂತಿರುತ್ತಿತ್ತು. ಹಳೇ ರೋಕಡಿ ಪುಸ್ತಕದಲ್ಲಿ ಉಳಿದ ಖಾಲಿ ಹಾಳೆಗಳ ಮೇಲೆ ಅವರು ಸ್ಕೋರ್ ಬರೆಯುತ್ತಿದ್ದರು. ಜಮಾ ಕಡೆ ರನ್ನು, ಖರ್ಚಿನ ಕಡೆ ವಿಕೆಟ್ಟು. ದಿನದಾಟ ಮುಗಿದ ಮೇಲೆ ಅಡಿಗೆರೆ ಎಳೆದು, ‘ಅಖೈರು ಶಿಲ್ಕು: ಆರು ವಿಕೆಟ್’ ಎಂದು ಬರೆದು ಪುಸ್ತಕ ಮುಚ್ಚಿದರೆ ಆ ದಿನದ ಬಾಬತ್ತು ಮುಗಿದ ಹಾಗೆ. ಗವಾಸ್ಕರ್ ಸೊನ್ನೆಗೆ ಔಟಾದರೂ ಅಷ್ಟೇ, ವಿಶಿ ನೂರು ಹೊಡೆದರೂ ಅಷ್ಟೇ. ಆಗ ನನಗೆ ಅದು ಅರಸಿಕತನ ಅನ್ನಿಸುತ್ತಿತ್ತು. ಅವರದು ಬೇಸ್‌ಬಾಲ್ ನೋಡುವವರ ಮನಸ್ಸು ಎಂದು ತಿಳಿಯಲು ನಾನು ಅರ್ಧ ಭೂಮಿ ಸುತ್ತಿ ಬರಬೇಕಾಯಿತು.

ನಾವಿರುವುದು ಸಿಯಾಟಲ್‌ನ ದಕ್ಷಿಣಕ್ಕೆ, ರೆಂಟನ್ ಎಂಬ ಊರಲ್ಲಿ. ಪಕ್ಕದ ಮನೆಯ ಅಜ್ಜ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಾವು ಬಂದ ಎರಡನೇ ಬೇಸಿಗೆಯಲ್ಲಿ ಅವರು ನನ್ನನ್ನು ಸಿಯಾಟಲ್‌ನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್ ಆಟಕ್ಕೆ ಕರೆದುಕೊಂಡು ಹೋದರು. ಮೊದಲ ಮೂರು ಇನ್ನಿಂಗ್ಸ್‌ನಲ್ಲಿ ಏನೂ ನಡೆಯಲಿಲ್ಲ. ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ಗಾಳಿಗೆ ಬೀಸುತ್ತಾನೆ, ಚೆಂಡು ಹಿಂದೆ ಕುಕ್ಕರುಗಾಲಲ್ಲಿ ಕೂತವನ ಗ್ಲೌಸಿಗೆ ಹೋಗಿ ಬೀಳುತ್ತದೆ. ಇದಕ್ಕಿಂತ ರಣಜಿ ಪಂದ್ಯದ ಮೂರನೇ ದಿನದ ಮಧ್ಯಾಹ್ನ ವಾಸಿ ಅಂದುಕೊಂಡೆ. ತಿನ್ನಲು ಮಿಡತೆ ಹುರಿದು ಖಾರ ಹಾಕಿ ಮಾರುತ್ತಿದ್ದಾರೆ ಈಗೀಗ ಆ ಸ್ಟೇಡಿಯಂನಲ್ಲಿ. ಸುಳ್ಳಲ್ಲ, ಜನ ಸಾಲುಗಟ್ಟಿ ಕೊಳ್ಳುತ್ತಾರೆ. ನಮ್ಮಂಥ ಪುಳಿಚಾರಿನವರಿಗೆ ದಿಕ್ಕೆಂದರೆ ಕಡಲೆಕಾಯಿ. ಸಿಪ್ಪೆಯನ್ನು ಕಾಲಡಿಗೇ ಎಸೆಯಬಹುದು, ಯಾರೂ ಏನೂ ಅನ್ನುವುದಿಲ್ಲ. ಅಮೆರಿಕದಲ್ಲಿ ಬಸವನಗುಡಿಯ ಪರಿಷೆಗೆ ಹತ್ತಿರವಾದ ಜಾಗ ನಾನು ಕಂಡದ್ದು ಅದೊಂದೇ.

ಅಜ್ಜ ಮಾತ್ರ ತೊಡೆಯ ಮೇಲೊಂದು ಪುಸ್ತಕ, ಕೈಯಲ್ಲೊಂದು ಪೆನ್ಸಿಲ್ ಹಿಡಿದು ಪ್ರತಿ ಎಸೆತಕ್ಕೂ ಏನೋ ಗೀಚುತ್ತಿದ್ದರು. ಬಗ್ಗಿ ನೋಡಿದೆ. ಒಬ್ಬೊಬ್ಬ ಬ್ಯಾಟರ್‌ಗೆ ಇನ್ನಿಂಗ್ಸಿಗೊಂದು ಚೌಕ, ಚೌಕದೊಳಗೆ ಸಣ್ಣ ವಜ್ರಾಕೃತಿ. ಅದರ ಮೂಲೆಗಳೇ ಬೇಸುಗಳು, ರನ್ನಿಗಾಗಿ ಓಡುವವನು ಒಂದೊಂದಾಗಿ ಮುಟ್ಟಿ ಬರಬೇಕಾದ ಠಾವುಗಳು. ಮೈದಾನದಲ್ಲಿ ನಿಂತವರಿಗೆಲ್ಲ ನಂಬರು: ಎಸೆಯುವ ಪಿಚರ್ 1, ಹಿಂದೆ ಕೂತ ಕ್ಯಾಚರ್ 2, ಹಾಗೆಯೇ ಮುಂದುವರಿದು ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಬಲಗಡೆ ದೂರದಲ್ಲಿ ನಿಂತವನು 9. ‘6-4-3’ ಅಂದರೆ ಶಾರ್ಟ್‌ಸ್ಟಾಪ್ ಹಿಡಿದು ಎರಡನೇ ಬೇಸಿನವನಿಗೆ ಎಸೆದ, ಅವನು ಮೊದಲನೇ ಬೇಸಿಗೆ ಎಸೆದ, ಇಬ್ಬರು ಔಟು. ಬೀಸಿದ್ದು ಚೆಂಡಿಗೆ ತಾಗದೆ ಔಟಾದರೆ ‘ಕೆ’ ಅಕ್ಷರ. ಬೀಸದೆ ನೋಡುತ್ತಾ ನಿಂತು ಔಟಾದರೆ ಅದೇ ‘ಕೆ’ಯನ್ನು ತಿರುಗಿಸಿ ಬರೆಯಬೇಕು. ಅಷ್ಟು ಸಣ್ಣ ಅವಮಾನಕ್ಕೂ ಬೇರೆ ಗುರುತು! ನಾಲ್ಕನೇ ಇನ್ನಿಂಗ್ಸ್ ಹೊತ್ತಿಗೆ ನಾನು ಮೈದಾನ ಬಿಟ್ಟು ಪುಸ್ತಕ ನೋಡುತ್ತಿದ್ದೆ. ಮಂಡಿಯ ಅಡಿಕೆ ವಾಸನೆ ಬಂದಂತಾಯಿತು.

ಈ ಲೆಕ್ಕದ ಪದ್ಧತಿ ಹಾಕಿಕೊಟ್ಟವರು ಹೆನ್ರಿ ಚಾಡ್ವಿಕ್. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ನ್ಯೂಯಾರ್ಕಿನಲ್ಲಿ ಪತ್ರಿಕೆಗಳಿಗೆ ಬರೆಯುತ್ತಿದ್ದುದು ಕ್ರಿಕೆಟ್ ವರದಿ. 1850ರ ದಶಕದಲ್ಲಿ ಬೇಸ್‌ಬಾಲ್‌ಗೆ ಮನಸೋತು, ಕ್ರಿಕೆಟ್ಟಿನ ಸ್ಕೋರ್‌ಕಾರ್ಡನ್ನೇ ತಿದ್ದಿ ತೀಡಿ ಬಾಕ್ಸ್ ಸ್ಕೋರ್, ಅಂದರೆ ಇಡೀ ಆಟದ ಲೆಕ್ಕದ ಪಟ್ಟಿ, ಮಾಡಿದರು. ಆ ‘ಕೆ’ ಕೂಡ ಅವರದೇ. ನಮ್ಮ ಬೀಜ ಇಲ್ಲಿ ಮರವಾಗಿದೆ ಎನ್ನಬಹುದು. ಋಣ ತೀರಿಸುವವರ ಹಾಗೆ ಇವರು ಟೆಕ್ಸಸ್‌ನ ಗ್ರಾಂಡ್ ಪ್ರೇರಿಯಲ್ಲಿ ಒಂದು ಬೇಸ್‌ಬಾಲ್ ಸ್ಟೇಡಿಯಂ ಅನ್ನೇ ಕ್ರಿಕೆಟ್ ಮೈದಾನ ಮಾಡಿಕೊಟ್ಟರು. 2023ರಲ್ಲಿ ಅಮೆರಿಕದ ಟಿ20 ಲೀಗ್ ಶುರುವಾದದ್ದು ಅಲ್ಲೇ.

ಆದರೆ ಮರ ಬೆಳೆದ ರೀತಿ ಬೇರೆ. ಇಲ್ಲಿನ ಸ್ಕೋರ್‌ಬೋರ್ಡಿನ ಕೊನೆಯಲ್ಲಿ ಮೂರು ಕಾಲಂ ಇರುತ್ತವೆ: ರನ್, ಹಿಟ್ (ಹೊಡೆದು ಬೇಸು ಗಿಟ್ಟಿಸಿದ್ದು), ಎರರ್ (ಫೀಲ್ಡರನ ತಪ್ಪು). ಯಾರಾದರೂ ಸುಲಭದ ಚೆಂಡು ಬಿಟ್ಟರೆ, ಅಡ್ಡಾದಿಡ್ಡಿ ಎಸೆದರೆ, ಆ ಮೂರನೇ ಕಾಲಮಿನ ಅಂಕಿ ಒಂದು ಏರುತ್ತದೆ. ಮರುದಿನದ ಪತ್ರಿಕೆಯಲ್ಲಿ ಅವನ ಹೆಸರಿನ ಸಮೇತ ಅಚ್ಚಾಗುತ್ತದೆ. ಅದು ತಪ್ಪೋ, ಹೊಡೆತವೇ ಹಾಗಿತ್ತೋ ಎಂದು ತೀರ್ಮಾನಿಸಲು ಪ್ರೆಸ್ ಬಾಕ್ಸಿನಲ್ಲಿ ಅಧಿಕೃತ ಸ್ಕೋರರ್ ಒಬ್ಬರು ಕೂತಿರುತ್ತಾರೆ. ಆ ತಪ್ಪಿನಿಂದ ಎದುರಾಳಿಗೆ ರನ್ ಬಂದರೆ ಅದನ್ನು ಪಿಚರ್‌ನ ಸರಾಸರಿಗೆ ಹಚ್ಚುವುದಿಲ್ಲ. ಪಾಪ, ಅವನೇನು ಮಾಡಿಯಾನು?

ಕ್ರಿಕೆಟ್ಟಿನಲ್ಲಿ? 1971ರ ಓವಲ್ ಟೆಸ್ಟಿನ ಸ್ಕೋರ್‌ಕಾರ್ಡ್ ತೆಗೆದು ನೋಡಿ. ‘ಫ್ಲೆಚರ್, ಕ್ಯಾಚ್ ಸೋಲ್ಕರ್, ಬೌಲ್ಡ್ ಚಂದ್ರಶೇಖರ್, 0’ ಎಂದಿದೆ. ನಮ್ಮ ಚಂದ್ರ 38 ರನ್ನಿಗೆ 6 ವಿಕೆಟ್ ತೆಗೆದ ಇನ್ನಿಂಗ್ಸ್ ಅದು. ಹಿಡಿದವರ ಹೆಸರು ಐವತ್ತು ವರ್ಷ ದಾಟಿ ಉಳಿದಿದೆ, ಉಳಿಯಲೂ ಬೇಕು. ಆದರೆ ಕ್ರಿಕೆಟ್ ಚರಿತ್ರೆಯಲ್ಲಿ ಬಿಟ್ಟ ಕ್ಯಾಚುಗಳೆಲ್ಲ ಎಲ್ಲಿ ಹೋದವು? ದ್ರಾವಿಡ್ ಟೆಸ್ಟಿನಲ್ಲಿ 210 ಕ್ಯಾಚ್ ಹಿಡಿದರು ಎಂದು ಬಾಯಿಪಾಠ ಒಪ್ಪಿಸುತ್ತೇವೆ. ಕೈಗೆ ಬಂದು ಜಾರಿದವು ಎಷ್ಟು ಎಂದು ಸ್ಕೋರ್‌ಕಾರ್ಡ್ ಹೇಳುವುದಿಲ್ಲ. ಸ್ಲಿಪ್ಪಿನಲ್ಲಿ ಕ್ಯಾಚ್ ಬಿದ್ದು, ಆ ಬ್ಯಾಟ್ಸ್‌ಮನ್ ಮುಂದೆ ನೂರು ಹೊಡೆದರೆ ಆ ರನ್ನೆಲ್ಲ ಬೌಲರನ ಖಾತೆಗೇ ಖರ್ಚು. ಮಂಡಿಯಲ್ಲಿ ಹೀಗೆ ಲೆಕ್ಕ ಬರೆದಿದ್ದರೆ ಅಪ್ಪಯ್ಯ ಸಂಜೆಯೊಳಗೆ ಮನೆಗೆ ಬಂದಿರುತ್ತಿದ್ದರು, ಕಾಯಂ ಆಗಿ.

ಇದಕ್ಕಿಂತ ನನ್ನನ್ನು ಕಾಡುವುದು ತ್ಯಾಗದ ಕಾಲಂ. ಬೇಸ್‌ಬಾಲ್‌ನಲ್ಲಿ ಜೊತೆಗಾರ ಮುಂದಿನ ಬೇಸಿಗೆ ಹೋಗಲಿ ಎಂದು ಒಬ್ಬ ಬೇಕೆಂದೇ ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾದರೆ, ಅದನ್ನು ತ್ಯಾಗ ಎಂದೇ ಬರೆಯುತ್ತಾರೆ. ಅವನ ಸರಾಸರಿಯಿಂದ ಚಿಕ್ಕಾಸೂ ಕಡಿಯುವುದಿಲ್ಲ. ಅದನ್ನು ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು 1999ರ ಫೆಬ್ರವರಿ, ದೆಹಲಿಯ ಕೋಟ್ಲಾ. ಕುಂಬ್ಳೆ ಒಂಬತ್ತು ವಿಕೆಟ್ ತೆಗೆದಾಗಿತ್ತು. ಆ ಕಡೆಯಿಂದ ಬೌಲ್ ಮಾಡಲು ಬಂದ ಜಾವಗಲ್ ಶ್ರೀನಾಥ್, ಹತ್ತನೆಯದು ತನಗೆ ಬೀಳದಿರಲಿ ಎಂದು ಸ್ಟಂಪಿನಿಂದ ದೂರದೂರ ಎಸೆದರು. ವೇಗದ ಬೌಲರ್ ಒಬ್ಬ ವಿಕೆಟ್ ಬೇಡವೆಂದು ಓಡಿ ಬರುವುದು! ‘ಕುಂಬ್ಳೆ 74ಕ್ಕೆ 10’ ಎಂದು ಸ್ಕೋರ್‌ಕಾರ್ಡ್ ಸಾರುತ್ತದೆ. ಶ್ರೀನಾಥ್ ಮಾಡಿದ್ದು ಅದರಲ್ಲಿ ವೈಡ್ ಎಂಬ ದಂಡವಾಗಿ ಮಾತ್ರ ಉಳಿದಿದೆ. ನಾವು ಕನ್ನಡಿಗರು ಆ ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದೇವೆ, ಸರಿ. ನಮ್ಮ ಮಕ್ಕಳು ಮರೆತರೆ ಕಾಗದ ನೆನಪಿಸುವುದಿಲ್ಲ.

ಪಕ್ಕದ ಮನೆಯ ಅಜ್ಜನಿಗೆ ಈ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನಿಗೆ ನೀವು ಏನೂ ಬರೆಯಲಿಲ್ಲವಾ?” ಎಂದರು.

ಆಟವನ್ನು ಹಿಂಬಾಲಿಸುವ ರೀತಿಯೂ ಬೇರೆಯೇ. ಇಲ್ಲಿ ಒಂದು ತಂಡ ಒಂದು ಸೀಸನ್ನಿಗೆ 162 ಆಟ ಆಡುತ್ತದೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಮ್ಮಿ ದಿನವೂ ಆಟ. ಹಾಗಾಗಿ ಯಾರೂ ದಿನವೂ ಕೂತು ನೋಡುವುದಿಲ್ಲ. ಅಡುಗೆಮನೆಯಲ್ಲಿ ರೇಡಿಯೋ ಹಾಡುತ್ತಿರುತ್ತದೆ, ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುವವನ ಕಿವಿಗೆ ಬೀಳುತ್ತಿರುತ್ತದೆ. ಮರುದಿನ ಬೆಳಿಗ್ಗೆ ಬಾಕ್ಸ್ ಸ್ಕೋರಿನ ಮೇಲೆ ಕಣ್ಣಾಡಿಸಿದರೆ ಆಯಿತು: ಯಾರು ನಾಲ್ಕು ಸಲ ಬ್ಯಾಟ್ ಹಿಡಿದು ಎರಡು ಹಿಟ್, ಯಾರು ನಾಲ್ಕಕ್ಕೆ ಸೊನ್ನೆ. ಬಹಳ ಒಳ್ಳೆಯ ಬ್ಯಾಟರ್ ಕೂಡ ಹತ್ತರಲ್ಲಿ ಏಳು ಸಲ ಸೋತು ಬರುತ್ತಾನೆ. ಇಲ್ಲಿನ ಅಮೆರಿಕನ್, ನ್ಯಾಷನಲ್ ಲೀಗುಗಳಲ್ಲಿ ಇಡೀ ಸೀಸನ್ ಹತ್ತರಲ್ಲಿ ನಾಲ್ಕು ಸಲ ಗೆದ್ದವರಲ್ಲಿ ಕೊನೆಯವರು ಟೆಡ್ ವಿಲಿಯಮ್ಸ್, ಅದೂ 1941ರಲ್ಲಿ. ನಮ್ಮ ಊರಿನ ಕ್ಯಾಲ್ ರಾಲಿ 2025ರಲ್ಲಿ 60 ಹೋಮ್ ರನ್ (ನಮ್ಮ ಸಿಕ್ಸರಿನ ಹಾಗೆ ಬೇಲಿ ದಾಟಿಸುವ ಹೊಡೆತ) ಬಾರಿಸಿದ. ಕುಕ್ಕರುಗಾಲಲ್ಲಿ ಕೂತು ಮಂಡಿ ಸವೆಸುವ ಕ್ಯಾಚರ್ ಒಬ್ಬ ಅಷ್ಟು ಹೊಡೆದದ್ದು ಹಿಂದೆ ಇರಲಿಲ್ಲ. ಅದೇ ವರ್ಷ ಅವನ ಸರಾಸರಿ .247. ಅಂದರೆ ನಾಲ್ಕರಲ್ಲಿ ಮೂರು ಸಲ ಏನೂ ಇಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಅಚ್ಚು ಹಾಕುತ್ತಾರೆ, ಅಭಿಮಾನಿ ಎರಡನ್ನೂ ಓದುತ್ತಾನೆ.

ನಮ್ಮ ಆರ್‌ಸಿಬಿ ಲೀಗ್ ಹಂತದಲ್ಲಿ ಆಡುವುದು ಹದಿನಾಲ್ಕು ಆಟ. ಪ್ರತಿಯೊಂದೂ ತೇರು ಎಳೆಯುವ ದಿನ. ವಾಟ್ಸಾಪ್ ಗುಂಪಿನಲ್ಲಿ ಸಂಜೆ ದೇವರಾದವನು ರಾತ್ರಿ ಹನ್ನೊಂದಕ್ಕೆ ದ್ರೋಹಿ. ನಾನೂ ಕಮ್ಮಿಯವನಲ್ಲ. 2016ರ ಫೈನಲ್ ಸೋತಾಗ ಎರಡು ದಿನ ಮನೆಯಲ್ಲಿ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಗೆದ್ದಾಗ ಇಲ್ಲಿ ಬೆಳಗಿನ ಹೊತ್ತು. ಆಫೀಸಿನ ಮೀಟಿಂಗಿನಲ್ಲಿ ಕ್ಯಾಮರಾ ಆಫ್ ಮಾಡಿ ಅತ್ತೆ. ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಹದಿನೆಂಟು ವರ್ಷ ಕಾದ ಸಂತೋಷ ಒಂದೇ ಸಂಜೆ ಒಂದೇ ಗೇಟಿನತ್ತ ನುಗ್ಗಿತು. ನನ್ನ ಆರ್‌ಸಿಬಿ ಅಂಗಿಯನ್ನು ನಾನು ಆಮೇಲೆ ಹಾಕಿಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಮ್ಯಾರಿನರ್ಸ್ ಸರದಿ. 1977ರಲ್ಲಿ ಶುರುವಾದ ಈ ತಂಡ ಇದುವರೆಗೆ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಫೈನಲ್, ಮೆಟ್ಟಿಲು ಹತ್ತಿಲ್ಲ. ಲೀಗಿನ ಮೂವತ್ತು ತಂಡಗಳಲ್ಲಿ ಅಂಥದ್ದು ಇದೊಂದೇ. ಆ ಸಲ 90 ಗೆದ್ದು 72 ಸೋತು ತಮ್ಮ ವಿಭಾಗದಲ್ಲಿ ಮೊದಲು ಬಂದಿದ್ದರು. ಎಪ್ಪತ್ತೆರಡು ಸಲ ಸೋತ ತಂಡ ಮೊದಲನೆಯದು ಎಂದು ಊರಿಗೆ ಫೋನ್ ಮಾಡಿ ಹೇಳಿದರೆ ಅಣ್ಣ ನಂಬಲಿಲ್ಲ. ಡೆಟ್ರಾಯ್ಟ್ ವಿರುದ್ಧ ಹದಿನೈದು ಇನ್ನಿಂಗ್ಸ್, ಸುಮಾರು ಐದು ಗಂಟೆ ಎಳೆದಾಡಿ ಗೆದ್ದರು. ಮುಂದೆ ಟೊರೊಂಟೊ ವಿರುದ್ಧ ಕೊನೆಯ, ಏಳನೇ ಆಟದಲ್ಲಿ 3-1 ಮುಂದಿದ್ದರು. ಏಳನೇ ಇನ್ನಿಂಗ್ಸಿನಲ್ಲಿ ಟೊರೊಂಟೊದ ಸ್ಪ್ರಿಂಗರ್ ಒಂದೇ ಹೊಡೆತಕ್ಕೆ ಮೂರು ರನ್ ತೆಗೆದ. 4-3. ಕಥೆ ಮುಗಿಯಿತು.

ನಮ್ಮ ಬೀದಿಯಲ್ಲಿ ಏನಾಗುತ್ತದೋ ಎಂದು ಕಿಟಕಿಯಿಂದ ನೋಡಿದೆ. ಅಜ್ಜ ಹೊರಗೆ ಬಂದು ಕಸದ ಡಬ್ಬಿಯನ್ನು ರಸ್ತೆಬದಿಗೆ ಎಳೆದಿಟ್ಟರು. ನನ್ನನ್ನು ಕಂಡು ತಲೆ ಅಲ್ಲಾಡಿಸಿ, ಫೆಬ್ರವರಿಯಲ್ಲಿ ಪಿಚರ್‌ಗಳು ಮತ್ತೆ ತಯಾರಿಗೆ ಬರುತ್ತಾರೆ ಎಂದು ಹೇಳಿ ಒಳಗೆ ಹೋದರು. ಅಷ್ಟೇ. ನಲವತ್ತೆಂಟು ವರ್ಷದ ಕಾಯುವಿಕೆಗೆ ಅಷ್ಟೇ ಮಾತು. ಅದು ಪ್ರೀತಿಯ ಕೊರತೆ ಎಂದು ಒಂದು ಕಾಲದಲ್ಲಿ ನಾನು ವಾದಿಸಿರುತ್ತಿದ್ದೆ. ಈಗ ಆ ವಾದಕ್ಕೆ ನನ್ನಲ್ಲಿ ಬಲವಿಲ್ಲ.

ಹಾಗೆಂದು ಇವರ ಪುಸ್ತಕ ಧರ್ಮರಾಯನ ಪುಸ್ತಕವೇನಲ್ಲ. 2010ರ ಜೂನ್ 2ರಂದು ಡೆಟ್ರಾಯ್ಟ್‌ನಲ್ಲಿ ಗಲರಾಗ ಎಂಬ ಪಿಚರ್ ಸತತ ಇಪ್ಪತ್ತಾರು ಜನರನ್ನು ಔಟ್ ಮಾಡಿದ್ದ. ಇನ್ನೊಬ್ಬ ಔಟಾದರೆ ಆಟ ಮುಗಿದು, ಒಬ್ಬರನ್ನೂ ಬೇಸಿಗೆ ಬಿಡದ ಅಪರೂಪದ ದಾಖಲೆ. ಇಪ್ಪತ್ತೇಳನೆಯವನೂ ಔಟೇ, ಟಿವಿಯಲ್ಲಿ ಎಲ್ಲರೂ ಕಂಡರು. ಅಂಪೈರ್ ಜಿಮ್ ಜಾಯ್ಸ್ ನಾಟೌಟ್ ಅಂದರು. ಆಟ ಮುಗಿದ ಮೇಲೆ ಟೇಪ್ ನೋಡಿ, ತಪ್ಪು ನನ್ನದೇ ಎಂದು ಒಪ್ಪಿಕೊಂಡರು. ಮರುದಿನ ಗಲರಾಗನೇ ಹೋಗಿ ತಂಡದ ಪಟ್ಟಿಯನ್ನು ಅವರ ಕೈಗೆ ಕೊಟ್ಟಾಗ ಅವರ ಕಣ್ಣಲ್ಲಿ ನೀರು. ಇಷ್ಟಾದರೂ ಪುಸ್ತಕದಲ್ಲಿ ಅದು ಇವತ್ತಿಗೂ ಹಿಟ್ ಅಂತಲೇ ಇದೆ. ಆಟಗಾರರ ತಪ್ಪಿಗೆ ಕಾಲಂ ಇಟ್ಟವರು ಅಂಪೈರನ ತಪ್ಪಿಗೆ ಇಟ್ಟಿಲ್ಲ. ಇನ್ನು, ಬ್ಯಾಟಿನಿಂದ ಚೆಂಡು ಗಂಟೆಗೆ ಎಷ್ಟು ಮೈಲಿ ವೇಗದಲ್ಲಿ, ಎಷ್ಟು ಡಿಗ್ರಿ ಕೋನದಲ್ಲಿ ಹೊರಟಿತು ಎಂದು ಈಗಿನ ಟಿವಿಯವರು ಒದರುವುದು ನನಗೆ ಕಿರಿಕಿರಿ. ನೆಟ್ಟಗಿನ ಜಮಾಖರ್ಚಿನಲ್ಲಿ ಯಾರೋ ಅಡಿಕೆಯ ತೂಕದ ಬದಲು ಗೋಟಿನ ಸುತ್ತಳತೆ ಬರೆದ ಹಾಗೆ. ಮತ್ತೆ, ಇವರಿಗೆ ಡ್ರಾ ಎಂದರೆ ಏನೆಂದು ಇವತ್ತಿನವರೆಗೆ ನನಗೆ ತಿಳಿಸಿ ಹೇಳಲಾಗಿಲ್ಲ. ಐದು ದಿನ ಆಡಿ ಯಾರೂ ಗೆಲ್ಲದೆ ಕೈಕುಲುಕಿ ಹೋಗುವುದರ ಘನತೆ ಈ ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ.

ಹೋದ ಬೇಸಿಗೆಯಲ್ಲಿ ಮಗನ ಲಿಟಲ್ ಲೀಗ್ ತಂಡಕ್ಕೆ ಸ್ಕೋರ್ ಬರೆಯಲು ಪೋಷಕರೊಬ್ಬರು ಬೇಕು ಎಂದರು, ಒಪ್ಪಿಕೊಂಡೆ. ಉಳಿದ ತಂಡಗಳವರು ಫೋನಿನಲ್ಲಿ ಒತ್ತುತ್ತಾರೆ, ನನ್ನದು ಅಜ್ಜ ಕೊಟ್ಟ ಪುಸ್ತಕ. ಮಗ ಶಾರ್ಟ್‌ಸ್ಟಾಪ್. ಐದನೇ ಇನ್ನಿಂಗ್ಸಿನಲ್ಲಿ ಒಂದು ಚೆಂಡು ನೆಲ ಹಿಡಿದು ನೇರ ಅವನ ಕಡೆಗೇ ಬಂತು, ಅವನು ಬಗ್ಗುವಷ್ಟರಲ್ಲಿ ಕಾಲ ಸಂದಿಯಲ್ಲಿ ನುಸುಳಿ ಹಿಂದಕ್ಕೆ ಹೋಯಿತು. ಒಂದು ರನ್ ಬಂತು. ಪಕ್ಕದಲ್ಲಿ ಕೂತ ನನ್ನ ಹೆಂಡತಿ ಪುಸ್ತಕವನ್ನೇ ನೋಡುತ್ತಿದ್ದಳು. ನಾನು ‘ಇ-6’ ಎಂದು ಬರೆದೆ. ಎರರ್, ಶಾರ್ಟ್‌ಸ್ಟಾಪ್.

“ಸ್ವಂತ ಮಗನಿಗೆ!” ಅಂದಳು.

ಸಂಜೆ ವೀಡಿಯೊ ಕಾಲ್‌ನಲ್ಲಿ ಅಪ್ಪಯ್ಯನಿಗೆ ಪುಟ ತೋರಿಸಿದೆ. ಎಂಬತ್ತು ದಾಟಿದ ಕಣ್ಣು, ಫೋನನ್ನು ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಮಗ ನನ್ನ ಹೆಗಲ ಮೇಲಿಂದ ಬಗ್ಗಿ, “ಅಜ್ಜಾ, ಬಾಲು ಕಲ್ಲಿಗೆ ಬಡಿದು ಎಗರ್ತು. ಅದು ಹಿಟ್ಟು, ಎರರ್ ಅಲ್ಲ. ಅಪ್ಪಂಗೆ ಹೇಳು” ಎಂದ.

“ಅಡಿಗೆರೆ ಎಳ್ದಾಗಿದ್ಯನಾ?” ಅಪ್ಪಯ್ಯ ನನ್ನನ್ನು ಕೇಳಿದರು.

ಇನ್ನೂ ಇಲ್ಲ ಅಂದೆ.

“ಹಂಗಾರೆ ಅವ್ನು ಹೇಳದೂ ಒಂಚೂರು ಕೇಳು.”