ನಿಲ್ದಾಣ ಯಾರ ಕೈಗೆ ಹೋದರೂ ಶುಲ್ಕ ಕಟ್ಟುವವರು ನಾವೇ

ಕಳೆದ ವಾರ ಅಮ್ಮನಿಗೆ ವಿಮಾನದ ಟಿಕೆಟ್ ಕಾಯ್ದಿರಿಸುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಅಮ್ಮ ದರದ ವಿವರದ ಮೇಲೆ ಬೆರಳಿಟ್ಟು, "ಬಳಕೆದಾರರ ಅಭಿವೃದ್ಧಿ ಶುಲ್ಕ ಅಂದರೆ ಏನು?" ಎಂದು ಕೇಳಿದಳು. ನಿಲ್ದಾಣ ನಡೆಸುವ ಕಂಪನಿಗೆ ಹೋಗುವ ಹಣ ಎಂದೆ. "ನಿಲ್ದಾಣ ಸರ್ಕಾರದ್ದಲ್ಲವೇ?" ಎಂದಳು. ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ಕುಳಿತೆ. ಅಂದಿನಿಂದ ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಗಿದೆ.

ಬೆಂಗಳೂರಿನದನ್ನೇ ನೋಡಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ಹೊಸ ನಿಲ್ದಾಣ ಶುರುವಾಯಿತು, ಊರೊಳಗಿದ್ದ ಎಚ್ಎಎಲ್ ನಿಲ್ದಾಣದ ಬಾಗಿಲು ಪ್ರಯಾಣಿಕರಿಗೆ ಮುಚ್ಚಿತು. ಆಗ ನಿಲ್ದಾಣ ನಡೆಸುವ ಕಂಪನಿಯಲ್ಲಿ ಸೀಮೆನ್ಸ್, ಜ್ಯೂರಿಚ್ ವಿಮಾನ ನಿಲ್ದಾಣ, ಎಲ್ ಅಂಡ್ ಟಿ ಪಾಲುದಾರರು. ಮರುವರ್ಷವೇ ಜಿವಿಕೆ ಎಂಬ ಕಂಪನಿ ಪಾಲು ಕೊಂಡು ಬಂತು. 2017ರಲ್ಲಿ ಕೆನಡಾದ ಫೇರ್‌ಫ್ಯಾಕ್ಸ್ ಬಂತು. ಕರ್ನಾಟಕ ಸರ್ಕಾರದ ಸಂಸ್ಥೆಗೂ ವಿಮಾನ ನಿಲ್ದಾಣಗಳ ಪ್ರಾಧಿಕಾರಕ್ಕೂ ತಲಾ ಶೇ 13ರಷ್ಟು ಪಾಲು ಎಂದು ಗೊತ್ತುಮಾಡಲಾಗಿತ್ತು. ನೆಲ ನಮ್ಮದು, ಹೆಸರು ಕೆಂಪೇಗೌಡರದು, ಮಾಲೀಕರು ಮಾತ್ರ ಬಂದು ಹೋಗುತ್ತಲೇ ಇದ್ದಾರೆ. ಒಬ್ಬರು ಇನ್ನೊಬ್ಬರಿಗೆ ಪಾಲು ಮಾರುವಾಗ ಆ ಶುಲ್ಕ ಕಟ್ಟುವ ನಮ್ಮನ್ನು ಯಾರಾದರೂ ಒಂದು ಮಾತು ಕೇಳಿದರೇ? ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗಲೇ ನಮಗೆ ಗೊತ್ತಾಗುವುದು.

ಇಷ್ಟವಿಲ್ಲದಿದ್ದರೆ ಬೇರೆಡೆಗೆ ಹೋಗಿ ಎನ್ನುವವರಿದ್ದಾರೆ. ಎಲ್ಲಿಗೆ ಹೋಗಲಿ? ಬೆಂಗಳೂರಿನ ಒಪ್ಪಂದದಲ್ಲಿ, ನಿಲ್ದಾಣ ಆರಂಭವಾದ ದಿನದಿಂದ 25 ವರ್ಷ, ಸುತ್ತಲ 150 ಕಿಲೋಮೀಟರ್ ಒಳಗೆ ಪೈಪೋಟಿಗೆ ಇನ್ನೊಂದು ನಿಲ್ದಾಣಕ್ಕೆ ಅವಕಾಶ ಕೊಡಬಾರದು ಎಂದು ಬರೆದುಕೊಟ್ಟಿದ್ದಾರೆ. ಮೈಸೂರು, ಹಾಸನಗಳಿಗಷ್ಟೇ ವಿನಾಯಿತಿ. ಖಾಸಗಿಯವರು ಬಂದರೆ ಪೈಪೋಟಿ ಹೆಚ್ಚುತ್ತದೆ, ದರ ಇಳಿಯುತ್ತದೆ ಎಂದು ನಮ್ಮ ತಲೆಗೆ ತುಂಬಿದವರು, ಪೈಪೋಟಿಯೇ ಹುಟ್ಟದಂತೆ ಸಹಿ ಹಾಕಿ ಕೊಟ್ಟಿದ್ದಾರೆ! ಹಾಲಿನ ಅಂಗಡಿ ಸರಿಯಿಲ್ಲದಿದ್ದರೆ ಎದುರಿನ ಅಂಗಡಿಗೆ ಹೋಗಬಹುದು. ನಿಲ್ದಾಣಕ್ಕೆ ಎದುರಂಗಡಿ ಎಂಬುದೇ ಇಲ್ಲ.

ಶುಲ್ಕ ಲೆಕ್ಕ ಹಾಕುವ ಬಗೆ ತಿಳಿದಾಗ ನನಗೆ ಇನ್ನೂ ಸಿಟ್ಟು ಬಂತು. ದೊಡ್ಡ ನಿಲ್ದಾಣಗಳ ಶುಲ್ಕವನ್ನು ಐದೈದು ವರ್ಷಕ್ಕೆ ನಿಗದಿ ಮಾಡುವುದು ಎಇಆರ್‌ಎ ಎಂಬ ನಿಯಂತ್ರಣ ಪ್ರಾಧಿಕಾರ. ಕಂಪನಿ ಹೂಡಿದ ಬಂಡವಾಳಕ್ಕೆ ಇಷ್ಟು ಲಾಭ, ಸವಕಳಿಗೆ ಇಷ್ಟು, ನಿರ್ವಹಣೆಗೆ ಇಷ್ಟು, ತೆರಿಗೆಗೆ ಇಷ್ಟು ಎಂದು ಕೂಡಿಸಿ, ಆ ಮೊತ್ತ ನಮ್ಮಿಂದ ಮತ್ತು ವಿಮಾನ ಕಂಪನಿಗಳಿಂದ ಹುಟ್ಟುವಂತೆ ದರ ಕಟ್ಟುತ್ತಾರೆ. ಅಂದಾಜು ಮಾಡಿದ್ದಕ್ಕಿಂತ ಕಡಿಮೆ ಹಣ ಬಂತೇ? ಕೊರತೆಯನ್ನು ಮುಂದಿನ ಅವಧಿಯ ಲೆಕ್ಕಕ್ಕೆ ಸೇರಿಸುತ್ತಾರೆ. ಅದನ್ನು ಅವರು 'ಟ್ರೂ-ಅಪ್' ಎನ್ನುತ್ತಾರೆ. ಕೋವಿಡ್ ಕಾಲದಲ್ಲಿ ವಿಮಾನ ಹತ್ತದೆ ಮನೆಯಲ್ಲಿ ಕುಳಿತವರ ಬಾಕಿಯನ್ನು ಆಮೇಲೆ ಹತ್ತಿದವರು ತೀರಿಸಬೇಕಾದದ್ದು ಹೀಗೆ. ಆ ದಿನಗಳಲ್ಲಿ ಹೋಟೆಲ್ ಮುಚ್ಚಿಕೊಂಡವರ ನಷ್ಟವನ್ನು ಈ ದೇಶದಲ್ಲಿ ಯಾರು ಹೀಗೆ ತುಂಬಿಕೊಟ್ಟರು?

ಅಂಗಡಿ, ಜಾಹೀರಾತು, ವಾಹನ ನಿಲುಗಡೆಯ ಆದಾಯವಾದರೂ ನಮ್ಮ ಹೊರೆ ಇಳಿಸಬೇಕಲ್ಲವೇ? 2016ರ ನಾಗರಿಕ ವಿಮಾನಯಾನ ನೀತಿಯ ಪ್ರಕಾರ ಆ ಆದಾಯದಲ್ಲಿ ಶೇ 30 ಮಾತ್ರ ನಮ್ಮ ಶುಲ್ಕ ತಗ್ಗಿಸಲು ಬಳಕೆಯಾಗುತ್ತದೆ, ಉಳಿದದ್ದು ಕಂಪನಿಗೇ. ಭದ್ರತಾ ತಪಾಸಣೆ ಮುಗಿಸಿದವರನ್ನು ಸುಗಂಧ, ಮದ್ಯ, ಚಾಕೊಲೇಟುಗಳ ನಡುವೆ ಸುತ್ತಿಸಿ ಕರೆದೊಯ್ಯುವುದು ಏಕೆಂದು ಈಗ ಅರ್ಥವಾಗುತ್ತದೆ. ಮಂಡಿನೋವಿನ ಅಮ್ಮ ಕಳೆದ ಬಾರಿ ಆ ಹಾದಿಯಲ್ಲಿ ಎರಡು ಸಲ ಗೋಡೆ ಹಿಡಿದು ನಿಂತಿದ್ದಳು. ಕೂರಲು ಅಲ್ಲಿ ಒಂದು ಕುರ್ಚಿ ಇರಲಿಲ್ಲ.

ದೆಹಲಿ, ಮುಂಬೈಗಳ ಕತೆ ಇನ್ನೂ ಹಳೆಯದು. 2006ರಲ್ಲಿ ಅವೆರಡನ್ನೂ ಖಾಸಗಿ ಗುಂಪುಗಳಿಗೆ ವಹಿಸಿದಾಗ ವಿಮಾನ ನಿಲ್ದಾಣಗಳ ಪ್ರಾಧಿಕಾರದ ನೌಕರರು ಮುಷ್ಕರ ಹೂಡಿದ್ದರು. 2009ರಲ್ಲಿ ದೆಹಲಿಯಿಂದ ಹೊರಡುವ ದೇಶೀಯ ಪ್ರಯಾಣಿಕರ ತಲೆಗೆ 200 ರೂಪಾಯಿ, ವಿದೇಶಕ್ಕೆ ಹೋಗುವವರ ತಲೆಗೆ 1,300 ರೂಪಾಯಿ ಅಭಿವೃದ್ಧಿ ಶುಲ್ಕ ಬಿತ್ತು. ನಿಯಂತ್ರಣ ಪ್ರಾಧಿಕಾರ ನಿಗದಿ ಮಾಡದೆ ಇಂಥ ವಸೂಲಿ ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2011ರಲ್ಲಿ. ಮರುವರ್ಷ ಮಹಾಲೇಖಪಾಲರ ವರದಿಯೂ ಆ ಶುಲ್ಕವನ್ನು ಕಟುವಾಗಿ ಟೀಕಿಸಿತು. ಕಟ್ಟಿ ಹೋದವರಲ್ಲಿ ಎಷ್ಟು ಮಂದಿಗೆ ಆ ಸುದ್ದಿಯಾದರೂ ತಲುಪಿತೋ!

ಆಮೇಲಾದರೂ ಎಚ್ಚರ ಬಂತೇ? 2019ರಲ್ಲಿ ನಮ್ಮ ಮಂಗಳೂರೂ ಸೇರಿ ಆರು ನಿಲ್ದಾಣಗಳನ್ನು 50 ವರ್ಷದ ಅವಧಿಗೆ ಹರಾಜಿಗಿಟ್ಟರು. ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೊಡಬಾರದು ಎಂದು ಕೇಂದ್ರದ ಆರ್ಥಿಕ ವ್ಯವಹಾರಗಳ ಇಲಾಖೆಯೇ ಟಿಪ್ಪಣಿ ಬರೆದಿತ್ತು. ಆರೂ ಅದಾನಿ ಸಮೂಹಕ್ಕೆ ಹೋದವು. 2021ರಲ್ಲಿ, ಜಿವಿಕೆ ಕೈಯಲ್ಲಿದ್ದ ಮುಂಬೈ ಕಂಪನಿಯನ್ನೂ ಅದೇ ಸಮೂಹ ತನ್ನದಾಗಿಸಿಕೊಂಡಿತು. ಹೆಚ್ಚು ಬೆಲೆ ಕೂಗಿದವರೇ ಗೆದ್ದರು, ಅದು ನಿಯಮವೇ ಸರಿ ಎನ್ನುತ್ತಾರೆ. ನನ್ನ ಜಗಳ ಆ ನಿಯಮದ ಜೊತೆಗೇ. ಐವತ್ತು ವರ್ಷ ಎಂದರೆ ಇಂದು ಹುಟ್ಟಿದ ಮಗು ಅಜ್ಜನಾಗುವ ಹೊತ್ತು. ಇಷ್ಟು ದೀರ್ಘ ಕಾಲಕ್ಕೆ ಬರೆದುಕೊಡುವಾಗ ಸಭೆ ಕರೆದು ಊರಿನವರ ಮಾತು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲವೇ?

ಹೊಸ ಕಟ್ಟಡಗಳು ಚೆನ್ನಾಗಿವೆ, ಒಪ್ಪುತ್ತೇನೆ. ಶೌಚಾಲಯ ಶುಚಿಯಾಗಿದೆ, ಅದನ್ನೂ ಒಪ್ಪುತ್ತೇನೆ. ಆದರೆ ಅದರ ಒಂದೊಂದು ಇಟ್ಟಿಗೆಯ ಬೆಲೆಯನ್ನೂ, ಅದರ ಮೇಲಿನ ಲಾಭವನ್ನೂ ನಾವೇ ಕಟ್ಟುತ್ತಿರುವಾಗ, ಯಾರೋ ಉಪಕಾರ ಮಾಡಿದರೆಂಬಂತೆ ಏಕೆ ಕೈ ಮುಗಿಯಬೇಕು?

ಕೊನೆಗೆ ಟಿಕೆಟ್ ಕಾಯ್ದಿರಿಸಿದೆ. ಊಟ ಬೇಡ ಎಂದೆ, ತೆಗೆದರು. ವಿಮೆ ಬೇಡ ಎಂದೆ, ತೆಗೆದರು. ಆ ಶುಲ್ಕದ ಸಾಲಿನ ಪಕ್ಕದಲ್ಲಿ ಒತ್ತಲು ಏನೂ ಇರಲಿಲ್ಲ. ಅಮ್ಮ ಇನ್ನೂ ಪರದೆಯನ್ನೇ ನೋಡುತ್ತಿದ್ದಳು. ಹಣ ಕಟ್ಟಿದೆ.