ಕಲಿಮ್ನೋಸ್‌ನ ನಡುಗುವ ಕಾಲು

ಗ್ರೀಸಿನ ಕಲಿಮ್ನೋಸ್ ದ್ವೀಪದ ಒಂದು ಕುಣಿತದ ವಿಡಿಯೊ ಆಗಾಗ ಕಣ್ಣಿಗೆ ಬೀಳುತ್ತದೆ. ಗಂಡಸರು ಸಾಲಾಗಿ ಕೈಹಿಡಿದು ನಿಂತಿರುತ್ತಾರೆ, ಮುಂದಾಳಿನ ಕೈಯಲ್ಲೊಂದು ಕೋಲು. ಅವನ ಮೊಣಕಾಲು ಗಡಗಡ ನಡುಗುತ್ತದೆ. ನೆಟ್ಟಗೆ ನಿಲ್ಲಲು ಹೋಗಿ ಕುಸಿಯುತ್ತಾನೆ, ಕೋಲೂರಿಕೊಂಡು ಮತ್ತೆ ಏಳುತ್ತಾನೆ. ಮಿಕ್ಕವರು ತಾಳ ತಪ್ಪದೆ ಹೆಜ್ಜೆ ಹಾಕುತ್ತಲೇ ಇರುತ್ತಾರೆ. ಗೊತ್ತಿಲ್ಲದವರು ಕುಡುಕನ ಅಭಿನಯ ಅಂದುಕೊಂಡು ನಗುತ್ತಾರೆ, ಗೊತ್ತಿದ್ದವರು "ಸಾಹಸಿ ಮುಳುಗುಗಾರರಿಗೆ ನಮನ" ಅಂತ ಬರೆಯುತ್ತಾರೆ. ನನಗೆ ತಕರಾರು ಇರುವುದು ಎರಡನೆಯವರ ಬಗ್ಗೆಯೇ.

ಈ ಕುಣಿತದ ಹೆಸರು ಮಿಹಾನಿಕೋಸ್, ಅಂದರೆ ಯಂತ್ರದವನು. ಯಂತ್ರ ಅಂದರೆ ಇಲ್ಲಿ ತಾಮ್ರದ ಶಿರಸ್ತ್ರಾಣದ ಮುಳುಗುಡುಪು, ಸ್ಕಾಫಾಂದ್ರೋ. ಆ ನಡುಗುವ ಕಾಲು ಸಾಹಸದ ಗುರುತಲ್ಲ. ಬೆನ್ನುಹುರಿಗೆ ಏಟು ಬಿದ್ದ ಮನುಷ್ಯನ ನಡಿಗೆ ಅದು. ವೈದ್ಯರ ಕಡತದಲ್ಲಿ ಇರಬೇಕಾದದ್ದನ್ನು ಊರು ಕುಣಿತವಾಗಿ ಉಳಿಸಿಕೊಂಡಿದೆ.

ಟರ್ಕಿಯ ಕರಾವಳಿಗೆ ಹತ್ತಿರ, ಕೋಸ್ ಮತ್ತು ಲೆರೋಸ್ ದ್ವೀಪಗಳ ನಡುವೆ ಇರುವ ಕಲಿಮ್ನೋಸ್ ಬಹುಪಾಲು ಬೋಳು ಸುಣ್ಣದ ಕಲ್ಲು. ವಾಥಿ ಕಣಿವೆಯಲ್ಲಿ ಕಿತ್ತಳೆ, ನಿಂಬೆ ಬೆಳೆಯುತ್ತವೆ, ಮಿಕ್ಕ ಕಡೆ ಆಡು ಮೇಯಿಸುವುದೂ ಕಷ್ಟ. ಮುಖ್ಯ ಊರು ಬಂದರಿನ ಸುತ್ತ ಗುಡ್ಡಕ್ಕೆ ಹತ್ತಿಕೊಂಡ ಪೋಥಿಯಾ. ನೆಲ ಕೊಡದ್ದನ್ನು ಸಮುದ್ರದಿಂದ ತಂದರು, ಅದು ಸ್ಪಂಜು. ನಮ್ಮಲ್ಲಿ ಸ್ನಾನದ ಸ್ಪಂಜು ಅಂದರೆ ಒಣಗಿದ ತುಪ್ಪೀರೆಕಾಯಿಯ ನಾರು ಅಂದುಕೊಳ್ಳುವವರಿದ್ದಾರೆ. ಅದು ಬಳ್ಳಿಯ ಕಾಯಿ. ಇದು ಸಮುದ್ರದ ತಳದ ಬಂಡೆಗೆ ಅಂಟಿಕೊಂಡು, ಇಡೀ ದಿನ ನೀರನ್ನು ಒಳಗೆಳೆದು ಸೋಸಿ ಬದುಕುವ ಪ್ರಾಣಿ. ನಾವು ಮೈ ಉಜ್ಜಿಕೊಳ್ಳುವುದು ಅದರ ಅಸ್ಥಿಪಂಜರದಿಂದ.

ಉಡುಪು ಬರುವ ಮೊದಲು ಮುಳುಗುತ್ತಿದ್ದದ್ದು ಸ್ಕಾಂಡಾಲೋಪೆತ್ರಾ ಹಿಡಿದು. ಅಂಚು ನುಣುಪಾಗಿಸಿದ, ಹನ್ನೆರಡು–ಹದಿನೈದು ಕಿಲೋ ತೂಗುವ ಚಪ್ಪಟೆ ಕಲ್ಲು, ಅದಕ್ಕೊಂದು ತೂತು, ತೂತಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿ ನಿಂತವನ ಕೈಯಲ್ಲಿ. ಮುಳುಗುವವನು ಬರಿಮೈಯಲ್ಲಿ ಕಲ್ಲನ್ನು ಮುಂದೆ ಚಾಚಿ ಹಿಡಿದು ತಲೆಕೆಳಗಾಗಿ ಇಳಿಯುತ್ತಾನೆ. ಕಲ್ಲು ತೂಕವೂ ಹೌದು, ಚುಕ್ಕಾಣಿಯೂ ಹೌದು, ಓರೆ ಮಾಡಿದರೆ ದಿಕ್ಕು ಬದಲಾಗುತ್ತದೆ. ತಳದಲ್ಲಿ ಸ್ಪಂಜು ಕಿತ್ತು ಬಲೆಚೀಲಕ್ಕೆ ತುಂಬಿ ಹಗ್ಗ ಎಳೆದರೆ ಮೇಲಿನವನು ಸೇದಿಕೊಳ್ಳುತ್ತಾನೆ. ಮೇಲಿನಿಂದ ಒಯ್ದದ್ದು ಒಂದೇ ಉಸಿರು, ಹಾಗಾಗಿ ರಕ್ತಕ್ಕೆ ಸೇರುವ ಸಾರಜನಕವೂ ಅಷ್ಟಕ್ಕಷ್ಟೆ. ಈ ಪದ್ಧತಿಯಲ್ಲೂ ಸಾಯುತ್ತಿದ್ದರು, ಆದರೆ ಸೊಂಟದ ಕೆಳಗೆ ಸತ್ವ ಕಳೆದುಕೊಂಡು ನಲವತ್ತು ವರ್ಷ ಬದುಕುವ ಪಾಡು ಅಪರೂಪ.

1863ರಲ್ಲಿ ಪಕ್ಕದ ಸಿಮಿ ದ್ವೀಪಕ್ಕೆ ಫೋತಿಸ್ ಮಾಸ್ತೋರಿದಿಸ್ ಎಂಬಾತ ಸ್ಕಾಫಾಂದ್ರೋ ತಂದ. ಜನ ಹೆದರಿ ಹಿಂದೆ ಸರಿದಾಗ ಅವನ ಹೆಂಡತಿ ಎವ್‌ಗೆನಿಯಾಳೇ ಅದನ್ನು ತೊಟ್ಟು ಬಂದರಿನ ನೀರಿಗೆ ಇಳಿದು ತೋರಿಸಿದಳು. ಆಮೇಲೆ ಕಲಿಮ್ನೋಸ್‌ಗೆ ಬರಲು ತಡವಾಗಲಿಲ್ಲ. ರಬ್ಬರು ಬಳಿದ ಕ್ಯಾನ್ವಾಸು, ತಾಮ್ರದ ಶಿರಸ್ತ್ರಾಣ, ಎದೆಗೂ ಬೆನ್ನಿಗೂ ಸೀಸದ ತೂಕ, ಸೀಸದ ಅಟ್ಟೆಯ ಬೂಟು, ಎಲ್ಲ ಸೇರಿ ಸುಮಾರು 80 ಕಿಲೋ. ದೋಣಿಯ ಮೇಲೆ ಕೈಯಿಂದ ತಿರುಗಿಸುವ ಪಂಪು, ಅಲ್ಲಿಂದ ಕೆಳಗಿನ ತನಕ ಗಾಳಿಯ ಕೊಳವೆ.

ಎಡವಿದ್ದು ಎಲ್ಲಿ ಅಂತ ನೋಡಿ. ನೀರಿನಲ್ಲಿ ಹತ್ತು ಮೀಟರ್ ಇಳಿದಂತೆಲ್ಲ ಒತ್ತಡ ಒಂದೊಂದು ವಾಯುಭಾರ ಏರುತ್ತದೆ. ನೀರಿನ ಮೇಲೆ ಇರುವ ಒಂದನ್ನೂ ಸೇರಿಸಿದರೆ 40 ಮೀಟರಿನಲ್ಲಿ ಐದು. ಅಷ್ಟು ಆಳದಲ್ಲಿ ಪ್ರತಿ ಉಸಿರಿನ ಜೊತೆ ಐದು ಪಟ್ಟು ಗಾಳಿ ಎದೆಯೊಳಗೆ ಹೋಗುತ್ತದೆ, ಅದರ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ನರದಲ್ಲಿ ಕರಗುತ್ತಾ ಹೋಗುತ್ತದೆ. ಕೆಳಗೆ ಇರುವಷ್ಟು ಹೊತ್ತು ಏನೂ ನೋವಿಲ್ಲ. ಇವತ್ತಿನ ಲೆಕ್ಕದಲ್ಲಿ ಆ ಆಳದಲ್ಲಿ ಹತ್ತು ನಿಮಿಷದ ಆಸುಪಾಸು ಇದ್ದರೆ ನೇರ ಮೇಲೆ ಬರಬಹುದು. ಅದಕ್ಕಿಂತ ಹೆಚ್ಚಾದರೆ ನಡುನಡುವೆ ನಿಂತು, ಕರಗಿದ್ದು ಉಸಿರಿನಲ್ಲಿ ಹೊರಹೋಗಲು ಬಿಟ್ಟು ಏರಬೇಕು. ಇವರು ಅರ್ಧ ಗಂಟೆ ಇದ್ದು, ಚೀಲ ತುಂಬಿಸಿ, ಸರಕ್ಕನೆ ಮೇಲೆ ಬಂದು, ಶಿರಸ್ತ್ರಾಣ ಬಿಚ್ಚಿ ಬೀಡಿ ಹಚ್ಚುವ ಹೊತ್ತಿಗೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಒಳಗೆಲ್ಲ ಗುಳ್ಳೆ ಏಳುತ್ತಿತ್ತು. ಮೊದಲು ಕೀಲುನೋವು, ಆಮೇಲೆ ಕಾಲು ಜೋಮು, ಆಮೇಲೆ ಮೂತ್ರ ಕಟ್ಟುವುದು. ಒಂದೇ ದಿನದಲ್ಲಿ ಎರಡನೆಯ ಬಾರಿಯೋ ಮೂರನೆಯ ಬಾರಿಯೋ ಮುಳುಗಿದಾಗ ಅಪಾಯ ಇನ್ನೂ ಹೆಚ್ಚು, ಯಾಕೆಂದರೆ ಹಿಂದಿನ ಸಲದ ಸಾರಜನಕ ಇನ್ನೂ ಒಳಗೇ ಇರುತ್ತದೆ.

ಸತ್ತವರ ಲೆಕ್ಕ ಹೇಳುವಾಗ ಎಲ್ಲರೂ ಎತ್ತುವ ಅಂಕಿ, 1886ರಿಂದ 1910ರ ನಡುವೆ 10,000 ಸಾವು, 20,000 ಜನ ಅಂಗವಿಕಲರು ಅನ್ನುವುದು. ಈ ಸಣ್ಣ ದ್ವೀಪಗಳ ಜನಸಂಖ್ಯೆ ನೋಡಿದರೆ ನನಗೆ ಇದು ಉಬ್ಬಿಸಿದ್ದು ಅನ್ನಿಸುತ್ತದೆ. ಅದರ ಅಗತ್ಯವೂ ಇಲ್ಲ. ಫ್ರೆಂಚ್ ನೌಕಾವೈದ್ಯ ಲೆರ್ವಾ ದ ಮೆರಿಕೂರ್ 1867ರ ಹಂಗಾಮಿನ ಬಗ್ಗೆ ಬರೆದಿಟ್ಟದ್ದೇ ಸಾಕು: ಉಡುಪು ತೊಟ್ಟು ಮುಳುಗಿದ 24 ಜನರಲ್ಲಿ 10 ಜನ ಸತ್ತರು.

ಆಗಿನವರಿಗೆ ಕಾರಣ ಗೊತ್ತಿರಲಿಲ್ಲ ಅನ್ನುವ ವಾದ ಒಂದಿಷ್ಟು ವರ್ಷಗಳಿಗೆ ಒಪ್ಪುತ್ತದೆ. ಫ್ರೆಂಚ್ ಶರೀರವಿಜ್ಞಾನಿ ಪಾಲ್ ಬೇರ್ ಸಾರಜನಕದ ಗುಳ್ಳೆಯೇ ಕಾರಣ ಅಂತ ತೋರಿಸಿದ್ದು 1878ರಲ್ಲಿ. ಬ್ರಿಟಿಷ್ ಶರೀರವಿಜ್ಞಾನಿ ಜೆ. ಎಸ್. ಹಾಲ್ಡೇನ್ ಎಷ್ಟು ಆಳ, ಎಷ್ಟು ಹೊತ್ತು, ಎಲ್ಲೆಲ್ಲಿ ನಿಲ್ಲಬೇಕು ಅನ್ನುವ ಕೋಷ್ಟಕ ಪ್ರಕಟಿಸಿದ್ದು 1908ರಲ್ಲಿ. ಇವತ್ತು ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗಿಗೆ ಹೋದವರು ಏರುವ ದಾರಿಯಲ್ಲಿ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುತ್ತಾರಲ್ಲ, ಅದರ ಹಿಂದಿನ ವಿಜ್ಞಾನ ಶುರುವಾದದ್ದು ಈ ಕೋಷ್ಟಕದಿಂದಲೇ. ಆದರೂ 1908ರ ನಂತರ ದಶಕಗಟ್ಟಲೆ ಈ ದ್ವೀಪಗಳಿರುವ ಏಜಿಯನ್ ಸಮುದ್ರದ ದೋಣಿಗಳಲ್ಲಿ ಕಾಲು ಸೋಲುತ್ತಲೇ ಇತ್ತು. ಕಾರಣ ವಿಜ್ಞಾನದಲ್ಲಿಲ್ಲ, ಮುಂಗಡದಲ್ಲಿದೆ.

ಅದಕ್ಕೆ ಅಲ್ಲಿ ಪ್ಲಾತಿಕಾ ಅನ್ನುತ್ತಾರೆ. ಈಸ್ಟರ್ ಕಳೆದ ಮೇಲೆ ದೋಣಿಗಳು ಲಿಬಿಯಾ, ಈಜಿಪ್ಟ್, ಟ್ಯುನೀಸಿಯಾದ ಕಡೆ ಹೊರಡುತ್ತಿದ್ದವು, ವಾಪಸಾಗುತ್ತಿದ್ದದ್ದು ಮಳೆ–ಚಳಿ ಶುರುವಾಗುವ ಹೊತ್ತಿಗೆ. ಹೊರಡುವ ಮೊದಲೇ ಮುಳುಗುಗಾರನ ಕೈಗೆ ಮುಂಗಡ. ಅದರಲ್ಲಿ ಹಳೇ ಸಾಲ ತೀರಬೇಕು, ಮನೆಯವರು ಆರು ತಿಂಗಳು ಉಣ್ಣಬೇಕು, ಉಳಿದದ್ದು ಹಬ್ಬದ ವಾರದ ಹೆಂಡಕ್ಕೆ. ಕಪ್ತಾನನೇನೂ ಕುಬೇರನಲ್ಲ, ಅವನೂ ಸ್ಪಂಜಿನ ವ್ಯಾಪಾರಿಯಿಂದ ಬಡ್ಡಿಗೆ ತಂದವನೇ. ಅಪಾಯ ಹೆಚ್ಚಾದಂತೆ ಮುಳುಗುಗಾರ ಹೆಚ್ಚು ಮುಂಗಡ ಕೇಳುತ್ತಾನೆ. ಮುಂಗಡ ಹೆಚ್ಚಾದಂತೆ ಹೆಚ್ಚು ಸ್ಪಂಜು ಬೇಕು. ದಂಡೆಯ ಹತ್ತಿರದ್ದು ಖಾಲಿಯಾದ ಮೇಲೆ ಸ್ಪಂಜು ಇರುವುದು ಆಳದಲ್ಲಿ, ಆಳಕ್ಕೆ ಹೋದರೆ ಮತ್ತೆ ಅಪಾಯ. ಹಾಲ್ಡೇನ್ ಹೇಳಿದಂತೆ ಒಬ್ಬೊಬ್ಬನೂ ಏರುವ ದಾರಿಯಲ್ಲಿ ನಿಂತುಕೊಂಡರೆ, ಒಂದೇ ಉಡುಪು ಸರದಿಯಲ್ಲಿ ತೊಡುವ ದೋಣಿಯಲ್ಲಿ ದಿನದ ಇಳಿತಗಳು ಅರ್ಧಕ್ಕಿಳಿಯುತ್ತವೆ. ಸಾಲ ಮಾತ್ರ ಅರ್ಧಕ್ಕಿಳಿಯುವುದಿಲ್ಲ. ಮುಂಗಡ ಪಡೆದು ಕಬ್ಬಿನ ಗದ್ದೆಗೋ ಇಟ್ಟಿಗೆ ಗೂಡಿಗೋ ಹೋಗುವವರನ್ನು ಕಂಡ ನಮಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಉಡುಪನ್ನು ನಿಷೇಧಿಸಿ ಅಂತ ಮನವಿ ಕೊಟ್ಟರು. ದ್ವೀಪ ಆಗ ಒಟ್ಟೋಮನ್ ಆಳ್ವಿಕೆಯಲ್ಲಿತ್ತು, 1880ರ ದಶಕದಲ್ಲಿ ಸುಲ್ತಾನನ ನಿಷೇಧ ಬಂತು, ಬಾಳಲಿಲ್ಲ. ಕಾರ್ಲ್ ಫ್ಲೆಗೆಲ್ ಎಂಬಾತ ಇದಕ್ಕಾಗಿ ಊರೂರು ಅಲೆದು, 1908ರ ವಾಷಿಂಗ್ಟನ್ ಮೀನುಗಾರಿಕೆ ಸಮ್ಮೇಳನಕ್ಕೂ ಸ್ಕಾಫಾಂದ್ರೋ ದುರುಪಯೋಗದ ಬಗ್ಗೆ ಪ್ರಬಂಧ ಕೊಟ್ಟ. 1912ರಲ್ಲಿ ಇಟಲಿಯವರು ಬಂದರು. 1935ರಲ್ಲಿ ಅವರು ಚರ್ಚಿನ ವಿಷಯಕ್ಕೆ ಕೈಹಾಕಿದಾಗ ಅದೇ ಊರಿನ ಹೆಂಗಸರು ಕಲ್ಲು ಹಿಡಿದು ಬೀದಿಗಿಳಿದರು. ದ್ವೀಪ ಗ್ರೀಸಿಗೆ ಸೇರಿದ್ದು ಎರಡನೇ ಮಹಾಯುದ್ಧದ ನಂತರ.

ಪೋಥಿಯಾದಲ್ಲಿ ವೂವಾಲಿಸ್ ಮನೆ ಅಂತ ಒಂದಿದೆ, ಈಗ ವಸ್ತುಸಂಗ್ರಹಾಲಯ. ನಿಕೊಲಾಒಸ್ ವೂವಾಲಿಸ್ ಲಂಡನ್ನಿನಲ್ಲಿ ಕೋಠಿ ಇಟ್ಟಿದ್ದ ಸ್ಪಂಜಿನ ವ್ಯಾಪಾರಿ, ಊರಿಗೆ ಧಾರಾಳವಾಗಿ ದಾನ ಮಾಡಿದವನು. ಪ್ರವಾಸಿಗರು ಅಲ್ಲಿನ ಪೀಠೋಪಕರಣ ನೋಡಿ, ಆಮೇಲೆ ನೌಕಾ ಸಂಗ್ರಹಾಲಯದಲ್ಲಿ ತಾಮ್ರದ ಶಿರಸ್ತ್ರಾಣದ ಪಕ್ಕ ಫೋಟೊ ತೆಗೆಸಿಕೊಳ್ಳುತ್ತಾರೆ. ಎರಡೂ ಒಂದೇ ಖಾತೆಯ ಎರಡು ಬದಿ.

ಸ್ಪಂಜು ಮೇಲೆ ಬಂದ ಮೇಲಿನ ಕೆಲಸವೂ ಸಣ್ಣದಲ್ಲ. ಕಿತ್ತಾಗ ಅದು ಕಪ್ಪು ಚರ್ಮದ, ಲೋಳೆಲೋಳೆಯ ಮುದ್ದೆ. ದೋಣಿಯ ಹಲಗೆ ಮೇಲೆ ಹರಡಿ ಬರಿಗಾಲಲ್ಲಿ ತುಳಿಯುತ್ತಾರೆ, ಬೆಳ್ಳನೆಯ ರಸ ಹೊರಬರುತ್ತದೆ, ಅದನ್ನು ಅವರು ಹಾಲು ಅಂತಲೇ ಕರೆಯುವುದು. ತುಳಿತ ತಡವಾದರೆ ಒಳಗಿನ ಮಾಂಸ ಕೊಳೆತು ನಾರಿಗೆ ಕಚ್ಚಿಕೊಳ್ಳುತ್ತದೆ, ಬಣ್ಣ ಕೆಡುತ್ತದೆ. ಹಗ್ಗಕ್ಕೆ ಪೋಣಿಸಿ ಸಮುದ್ರದಲ್ಲಿ ಇಳಿಬಿಟ್ಟು, ಮತ್ತೆ ತುಳಿದು, ಬಡಿದು, ಚರ್ಮ ಕೆರೆದು ತೆಗೆಯಬೇಕು. ಊರಿನ ಗೋದಾಮಿನಲ್ಲಿ ಕುರಿ ಉಣ್ಣೆ ಕತ್ತರಿಸುವಂಥ ಕತ್ತರಿಯಿಂದ ದುಂಡಗೆ ಮಾಡುತ್ತಾರೆ. ಒಳಗೆ ಸಿಕ್ಕಿಕೊಂಡ ಚಿಪ್ಪಿನ ಚೂರು ಕರಗಲು ತೆಳು ಆಮ್ಲದಲ್ಲಿ ಅದ್ದುತ್ತಾರೆ. ತೂಕದ ಲೆಕ್ಕದಲ್ಲಿ ಮಾರುತ್ತಿದ್ದ ಕಾಲದಲ್ಲಿ ಮರಳು ತುಂಬಿ ತೂಕ ಏರಿಸುವ ಚಾಳಿಯೂ ಇತ್ತು.

ಅಂಗಡಿಯಲ್ಲಿ ಕಾಣುವ ಹೊಂಬಣ್ಣ ಸ್ಪಂಜಿನ ಹುಟ್ಟುಬಣ್ಣವಲ್ಲ, ಪರ್ಮಾಂಗನೇಟು ಮತ್ತು ಆಮ್ಲದ ಕೆಲಸ. ನೋಡಲು ಚೆಂದ, ಆದರೆ ನಾರು ಸಡಿಲವಾಗುತ್ತದೆ. ಕೊಳ್ಳುವುದಾದರೆ ಕಂದುಬಣ್ಣದ್ದನ್ನೇ ಕೇಳಿ. ಜೇನುಗೂಡಿನಂತೆ ದೊಡ್ಡ ತೂತಿನದು ಮೈಗೆ, ಸಣ್ಣ ತೂತಿನ ಫೀನೋ ಮುಖಕ್ಕೆ, ಮಗುವಿಗೆ. ಒಣಗಿದಾಗ ಗಟ್ಟಿಯಾಗಿರುವುದು ಸಹಜ, ನೀರಲ್ಲಿ ನೆನೆದರೆ ಮೆತ್ತಗಾಗುತ್ತದೆ. ಕುದಿಸಬೇಡಿ, ಬ್ಲೀಚು ಹಾಕಬೇಡಿ, ನಾರು ಪ್ರೋಟೀನಿನದು, ಕುಗ್ಗಿ ಹಾಳಾಗುತ್ತದೆ. ವಾಸನೆ ಬಂದರೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ನೆನೆಸಿ, ಹಿಂಡಿ, ಗಾಳಿಗೆ ನೇತುಹಾಕಿ.

ದಂಧೆ ಕುಸಿದದ್ದಕ್ಕೆ ಕಾರಣ ಒಂದಲ್ಲ. ಕಾರ್ಖಾನೆಯ ಸ್ಪಂಜು ಅಗ್ಗವಾಯಿತು, ಉತ್ತರ ಆಫ್ರಿಕಾದ ದೇಶಗಳು ತಮ್ಮ ಕಡಲಿಗೆ ಬೇಲಿ ಹಾಕಿದವು, 1986ರಿಂದ ಸ್ಪಂಜಿಗೇ ರೋಗ ಬಂದು ಮೆಡಿಟರೇನಿಯನ್ ತಳದಲ್ಲಿ ಅವು ನಿಂತಲ್ಲೇ ಕೊಳೆತವು. ಜನ ಅದಕ್ಕೂ ಮೊದಲೇ ಚದುರಿದ್ದರು. 1905ರಿಂದ ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್‌ಗೆ, 1950ರ ದಶಕದಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ಗೆ. ಡಾರ್ವಿನ್‌ಗೆ ಕರೆಸಿದ್ದು ಮುತ್ತಿನ ಚಿಪ್ಪು ಎತ್ತಲು, ಆ ಕೆಲಸ ಕೈಹತ್ತಲಿಲ್ಲ, ಊರು ಮಾತ್ರ ಕೈಹಿಡಿಯಿತು.

ಈಗ ಕಲಿಮ್ನೋಸ್‌ಗೆ ಹೆಚ್ಚಾಗಿ ಬರುವವರು ಬಂಡೆ ಹತ್ತುವವರು. 1990ರ ದಶಕದಲ್ಲಿ ಇಟಲಿಯ ಆಂದ್ರೆಯಾ ದಿ ಬಾರಿ ಅಲ್ಲಿನ ಸುಣ್ಣದ ಕಲ್ಲಿನ ಗೋಡೆಗಳನ್ನು ಗುರುತಿಸಿದ ಮೇಲೆ, ಆಡಿಗೂ ಬೇಡವಾಗಿದ್ದ ಬಂಡೆಯೇ ಊರಿಗೆ ಅನ್ನ ಕೊಡುತ್ತಿದೆ. ಬಂದರಿನ ಅಂಗಡಿಗಳಲ್ಲಿ ಸ್ಪಂಜು ಈಗಲೂ ರಾಶಿ ಬಿದ್ದಿರುತ್ತದೆ. ಅದರಲ್ಲಿ ಸಾಕಷ್ಟು ಕ್ಯಾರಿಬಿಯನ್ ಕಡೆಯಿಂದ ಬಂದು, ಇಲ್ಲಿ ಕತ್ತರಿಸಿಕೊಂಡು, ತೊಳೆಸಿಕೊಂಡು, ಕಲಿಮ್ನೋಸ್ ಅಂತ ಚೀಟಿ ಅಂಟಿಸಿಕೊಂಡದ್ದು. ಕತ್ತರಿಸುವ ಕೈ ಮಾತ್ರ ಈಗಲೂ ಅಲ್ಲಿಯದೇ.